ಕೈಕಟ್ಟಿ ಕೂತ ಬುಧವಾರಗಳು

ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ರೋಗಿಯ ಮುಂದಿನ ಬದುಕು ಯಾರ ಹೊಣೆ ಎಂಬ ಪ್ರಶ್ನೆಯನ್ನು ನಮ್ಮ ಕ್ಷೇತ್ರ ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿದವರ ಹೆಸರು ಫಲಕದ ಮೇಲೆ ಬರುತ್ತದೆ. ಆಮೇಲೆ ವರ್ಷಗಟ್ಟಲೆ ಮಗ್ಗುಲು ಬದಲಿಸಿ, ಮೈ ಒರೆಸಿ, ತುತ್ತು ತಿನ್ನಿಸಿ, ನಡುನಡುವೆ ಬೈಗುಳವನ್ನೂ ನುಂಗಿಕೊಂಡವರ ಹೆಸರು ಎಲ್ಲಿಯೂ ಬರುವುದಿಲ್ಲ. ಪರರ ಮಲಗುವ ಕೋಣೆಗಳಲ್ಲಿ ನಡೆಯುವ ಈ ಕೆಲಸಕ್ಕೆ ಒಂದು ಶಿಸ್ತನ್ನು ಕೊಟ್ಟು, ಆ ಶಿಸ್ತು ಕಟುವಾಗದಂತೆ ಕಾಯ್ದುಕೊಂಡು ಬಂದವರು, ನಮ್ಮ ಮನೆ ಆರೈಕೆ ಕೇಂದ್ರದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ, ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾದ ನಮ್ಮ ಹಿರಿಯಕ್ಕ. ಲೇಖನ ಗಂಭೀರವಾಗಿರಲಿ ಎಂದು ಸಂಪಾದಕರು ಸೂಚಿಸಿದ್ದಾರೆ. ನಾನು ನರ್ಸು, ಹೇಳಿದ್ದನ್ನು ಕೇಳಿ ಅಭ್ಯಾಸವಿದೆ, ಆದ್ದರಿಂದ ಪ್ರಯತ್ನಿಸುತ್ತೇನೆ. ಆದರೆ ಅವರ ವಿಷಯವನ್ನು ಪೂರ್ತಿ ಗಂಭೀರವಾಗಿ ಬರೆದರೆ ಓದಿ ಮೊದಲು ನಗುವವರು ಅವರೇ.

ದೊಡ್ಡ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿದ್ದ ಅವರು, ಆ ಭದ್ರವಾದ ಕೆಲಸವನ್ನು ಬಿಟ್ಟು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕೇಂದ್ರವನ್ನು ಆರಂಭಿಸಿದರು. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಸದಾ ಬಡಿದುಕೊಳ್ಳುವ ಫೋನು, ಇವೆರಡರ ನಡುವೆ ನಾನು ಸಂದರ್ಶನಕ್ಕೆ ಹೋಗಿ ಕೂತಿದ್ದೆ. ಅವರು ನನ್ನ ಸರ್ಟಿಫಿಕೇಟುಗಳನ್ನು ಮುಟ್ಟಲಿಲ್ಲ. "ನೀವು ಒಬ್ಬ ಅಜ್ಜಿಗೆ ಸ್ನಾನ ಮಾಡಿಸ್ತಾ ಇದ್ದೀರಿ. ನಲ್ಲಿ ನೀರು ನಿಂತುಹೋಯ್ತು. ಆಮೇಲೇನು?" ಎಂದರು. ಬಕೆಟ್ಟಿನಲ್ಲಿ ಮೊದಲೇ ಹಿಡಿದಿಟ್ಟಿರುತ್ತೇನೆ ಎಂದೆ. "ಬಕೆಟ್ ಒಡೆದಿತ್ತು. ಆಮೇಲೇನು?" ಹೀಗೆ ಅವರು ಕೇಳುತ್ತಾ ಹೋದರು, ನಾನು ಬೆವರುತ್ತಾ ಹೋದೆ. ಸಹಾಯಕಿಯರೆಲ್ಲ ಅವರ ಬೆನ್ನ ಹಿಂದೆ ಅವರನ್ನು 'ಆಮೇಲೇನಕ್ಕ' ಎಂದು ಕರೆಯುತ್ತಾರೆಂಬುದು ಕೆಲಸಕ್ಕೆ ಸೇರಿದ ದಿನವೇ ತಿಳಿಯಿತು. ಅದು ಅವರಿಗೂ ಗೊತ್ತಿತ್ತು.

ಈ ಪ್ರಶ್ನೆ ಅವರಿಗೆ ಹವ್ಯಾಸವಾಗಿ ಅಂಟಿಕೊಂಡದ್ದಲ್ಲ. ಕೇಂದ್ರದ ಮೊದಲ ವರ್ಷಗಳಲ್ಲಿ ಒಮ್ಮೆ ಸಾರಿಗೆ ಮುಷ್ಕರವಾಗಿ, ಸಹಾಯಕಿಯೊಬ್ಬಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡು, ಏಳಲಾಗದ ವೃದ್ಧೆಯೊಬ್ಬರು ಸಂಜೆಯವರೆಗೂ ಒದ್ದೆ ಬಟ್ಟೆಯಲ್ಲೇ ಮಲಗಿರಬೇಕಾಯಿತಂತೆ. ಅಕ್ಕ ನಡೆದುಕೊಂಡೇ ಹೋಗಿ ಅವರನ್ನು ಶುಚಿಮಾಡುತ್ತಿದ್ದಾಗ, ಆ ವೃದ್ಧೆ ಸಿಟ್ಟಾಗುವ ಬದಲು, ನಿನಗೆ ತೊಂದರೆಯಾಯಿತಲ್ಲ ಮಗಳೇ ಎಂದು ಕ್ಷಮೆ ಕೇಳಿದರಂತೆ. ಬೈದಿದ್ದರೆ ಮರೆತುಬಿಡುತ್ತಿದ್ದೆ, ಕ್ಷಮೆ ಕೇಳಿದ್ದನ್ನು ಮರೆಯಲಾಗಲಿಲ್ಲ ಎಂದು ಅಕ್ಕ ನನ್ನೊಡನೆ ಹೇಳಿದ್ದುಂಟು. ಬುಧವಾರದ ಪದ್ಧತಿ ಶುರುವಾದದ್ದು ಅಲ್ಲಿಂದ.

ಹೊರಗಿನವರಿಗಾಗಿ ಆ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಪ್ರತಿ ಸಹಾಯಕಿಗೂ ಒಬ್ಬಳು ಜೋಡಿ. ತಿಂಗಳಿಗೊಂದು ಬುಧವಾರ ಜೋಡಿಯವಳು ಇವಳ ಮನೆಗೆ, ಎಂದರೆ ಇವಳು ನೋಡಿಕೊಳ್ಳುವ ರೋಗಿಯ ಮನೆಗೆ, ಬಂದು ಇಡೀ ದಿನದ ಕೆಲಸ ಮಾಡಬೇಕು. ಇವಳು ಕುರ್ಚಿಯಲ್ಲಿ ಕೈಕಟ್ಟಿ ಕೂರಬೇಕು. ಏಳುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹಾಗಾದರೆ ಹೊಸಬಳಿಗೆ ಹೇಳಿಕೊಡುವವರು ಯಾರು? ಹಾಸಿಗೆಯಲ್ಲಿರುವವರೇ. ನಿಮ್ಮ ಮೈ ನಿಮಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ, ನೀವೇ ಹೇಳಿ ಮಾಡಿಸಿಕೊಳ್ಳಿ ಎಂಬುದು ಅಕ್ಕನ ನಿಯಮ. ಇದು ಯಾರಿಗೂ ಇಷ್ಟವಿರಲಿಲ್ಲ. ದಿಂಬು ಸೊಟ್ಟಗಿಟ್ಟದ್ದನ್ನು ಕಂಡೂ ಸುಮ್ಮನಿರುವುದು ನಮ್ಮ ಹುಡುಗಿಯರಿಗೆ ಪ್ರಾಣಸಂಕಟ; ರೋಗಿಗಳಿಗೋ, ಕಾಸು ಕೊಟ್ಟು ತಾವೇ ಪಾಠ ಮಾಡಬೇಕಾದ ಕರ್ಮ. ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದ್ದ ಒಬ್ಬ ಟೈಲರ್ ಮಾಸ್ಟರ್ ಅಂತೂ, "ಏನಮ್ಮಾ, ತಿಂಗಳು ತಿಂಗಳು ನನ್ನನ್ನ ಪರೀಕ್ಷೆಗೆ ಕೂರಿಸ್ತೀರಲ್ಲ, ಪಾಸಾದರೆ ಎದ್ದು ಓಡಾಡ್ತೀನಾ?" ಎಂದು ಅಕ್ಕನ ಮುಖಕ್ಕೇ ಕೇಳಿದ್ದರು. ಅಕ್ಕ ನಕ್ಕು, ಮುಂದಿನ ತಿಂಗಳ ಬುಧವಾರವೂ ಜೋಡಿಯನ್ನು ಕಳಿಸಿದರು.

ಅವರ ಒಳ್ಳೆಯತನ ಬಹಳ ಸಲ ಕಳ್ಳಹೆಜ್ಜೆಯಲ್ಲಿ ಬರುತ್ತಿತ್ತು. ನಾನು ಬಸುರಿಯಾಗಿದ್ದಾಗ ನನ್ನ ಪಾಲಿಗೆ ಇದ್ದಕ್ಕಿದ್ದಂತೆ ನೆಲಮಹಡಿಯ ಮನೆಗಳೇ ಬರತೊಡಗಿದವು. ನನ್ನ ಅದೃಷ್ಟವೆಂದುಕೊಂಡಿದ್ದೆ. ಒಂದು ದಿನ ಏನೋ ಮರೆತದ್ದನ್ನು ತರಲು ಹಳೆಯ ಮನೆಯೊಂದಕ್ಕೆ ಹೋದರೆ, ಲಿಫ್ಟಿಲ್ಲದ ಆ ಕಟ್ಟಡದ ಮೆಟ್ಟಿಲ ನಡುವೆ ಅಕ್ಕ ಮಂಡಿ ಹಿಡಿದುಕೊಂಡು, ಪಕ್ಕದಲ್ಲಿ ಔಷಧದ ಚೀಲವಿಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ನನ್ನ ಮಹಡಿಗಳನ್ನೆಲ್ಲ ಅವರೇ ಹತ್ತುತ್ತಿದ್ದರು. "ನೋಡಿದ್ದು ಯಾರಿಗೂ ಹೇಳ್ಬೇಡ, ಆಮೇಲೆ ಎಲ್ಲರೂ ಬಸುರಿಯಾಗ್ತಾರೆ" ಎಂದರು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಆ ಮಾತನ್ನು ಈಗ ಅಚ್ಚಿಗೇ ಕೊಟ್ಟುಬಿಟ್ಟೆ.

ಸಾಂಕ್ರಾಮಿಕದ ಸುದ್ದಿ ಇನ್ನೂ ದೂರದ ಊರುಗಳಿಂದ ಬರುತ್ತಿದ್ದಾಗಲೇ ಅಕ್ಕ ನಮ್ಮನ್ನೆಲ್ಲ ಕೂರಿಸಿಕೊಂಡು 'ಆಮೇಲೇನು' ಶುರುಮಾಡಿದ್ದರು. ಬಸ್ಸು ನಿಂತರೆ? ಔಷಧದಂಗಡಿ ಮುಚ್ಚಿದರೆ? ನಿಮಗೇ ಜ್ವರ ಬಂದರೆ? ಪ್ರತಿ ಮನೆಯ ಬಾಗಿಲ ಹಿಂದೆ ಒಂದು ನೀಲಿ ಚೀಲ ನೇತುಹಾಕಿಸಿದರು. ಅದರಲ್ಲಿ ಮಾಸ್ಕು, ಗ್ಲೌಸು, ಸೋಪು, ಒಂದು ಒಗೆದ ಹಾಸು. ಮನೆಯ ಇನ್ನೊಂದು ಕೀಲಿ ಎಲ್ಲಿರಬೇಕೆಂದು ಗೊತ್ತುಮಾಡಿದರು. ಕಾಯಿಲೆಗಿಂತ ಇವರ ಕಾಟವೇ ಹೆಚ್ಚಾಯಿತು ಎಂದು ನಾವು ಗೊಣಗಿದೆವು. ಆದರೂ ಊರು ಮುಚ್ಚಿದ ದಿನ ನಮ್ಮ ಒಬ್ಬ ರೋಗಿಯೂ ನೀರಿಲ್ಲದೆ ಮಲಗಲಿಲ್ಲ. ಒಬ್ಬಳು ಬರಲಾಗದ ಮನೆಗೆ ಅವಳ ಜೋಡಿ ಹೋದಳು, ಯಾವ ಲೋಟ ಎಲ್ಲಿದೆ ಎಂದು ಕೇಳದೆಯೇ ಕೆಲಸ ಹಿಡಿದಳು. ಅಕ್ಕನ ಮುಖದಲ್ಲಿ ಅಂದು ಕಂಡ ಸಮಾಧಾನ ಒಂದು ವಾರವಷ್ಟೇ ಉಳಿಯಿತು.

ಏಕೆಂದರೆ ಆ ಯೋಜನೆಯಲ್ಲಿ ಒಂದು ತಪ್ಪಿತ್ತು, ಅದೂ ಅವರ ಒಳ್ಳೆಯತನದಿಂದಲೇ ಆದ ತಪ್ಪು. ಜೋಡಿಗಳನ್ನು ಅವರು ತಾವಾಗಿ ಮಾಡಿರಲಿಲ್ಲ. ನಂಬಿಕೆ ಇರುವ ಕಡೆ ಕೆಲಸ ಚೆನ್ನಾಗಿ ಕೈ ಬದಲಾಗುತ್ತದೆ, ನಿಮಗೆ ಬೇಕಾದವರನ್ನು ನೀವೇ ಆರಿಸಿಕೊಳ್ಳಿ ಎಂದಿದ್ದರು. ನಮ್ಮವರು ಆರಿಸಿಕೊಂಡದ್ದು ಯಾರನ್ನು? ಒಂದೇ ಬಸ್ಸಿನಲ್ಲಿ ಅಂಟಿಕೊಂಡು ಬರುವ ಗೆಳತಿಯನ್ನು, ಒಂದೇ ಡಬ್ಬಿಯಲ್ಲಿ ಉಣ್ಣುವ ತಂಗಿಯನ್ನು. ಟೈಲರ್ ಮಾಸ್ಟರ್ ಮನೆಯ ಜೋಡಿಯಂತೂ ವಾರಗಿತ್ತಿಯರು; ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಯಲ್ಲಿದ್ದೂ ಜಗಳವಾಡದ, ಲೋಕದಲ್ಲೇ ಅಪರೂಪದ ವಾರಗಿತ್ತಿಯರು. ಹಿರಿಯವಳಿಗೆ ಜ್ವರ ಬಂದ ಬೆಳಿಗ್ಗೆ ಆರೋಗ್ಯ ಇಲಾಖೆಯವರು ಕಿರಿಯವಳನ್ನೂ ಮನೆಯಲ್ಲಿ ಕೂಡಿಹಾಕಿದರು. ಆ ವಾರ ನಮ್ಮ ಜೋಡಿಗಳು ಹೀಗೇ ಜೋಡಿಜೋಡಿಯಾಗಿ ಉದುರಿದವು. ತಪ್ಪು ನನ್ನದು ಎಂದು ಅಕ್ಕ ಸಭೆಯಲ್ಲಿ ಎಲ್ಲರೆದುರು ಹೇಳಿ, ಮಧ್ಯಾಹ್ನದೊಳಗೆ ಹೊಸ ಜೋಡಿಗಳನ್ನು ಮಾಡಿದರು. ದೂರದೂರದ ಬಡಾವಣೆಯವರು, ಒಬ್ಬರಿಗೊಬ್ಬರು ಅಷ್ಟಕ್ಕಷ್ಟೇ ಆದವರು. ಹಾಗೆ ಉಳಿದ ಮನೆಗಳೆಲ್ಲ ಉಳಿದುಕೊಂಡವು, ಟೈಲರ್ ಮಾಸ್ಟರ್ ಮನೆಯೊಂದನ್ನು ಬಿಟ್ಟು.

ಅವರ ಬೀದಿಯನ್ನು ಆ ಬೆಳಿಗ್ಗೆಯೇ ಸೀಲ್ ಮಾಡಿದ್ದರು. ಮಾಸ್ಟರ್ ಒಂಟಿ ಮನುಷ್ಯ, ಅಂಗಡಿಯ ಬೋರ್ಡು ಕಟ್ಟುವಾಗ ಏಣಿಯಿಂದ ಬಿದ್ದು ಎದೆಯಿಂದ ಕೆಳಕ್ಕೆ ಸ್ವಾಧೀನ ಕಳೆದುಕೊಂಡವರು, ಬೆರಳುಗಳಲ್ಲೂ ಶಕ್ತಿಯಿರಲಿಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಹುಣ್ಣು ಕೀವಾದರೆ ಸೇರಿಸಿಕೊಳ್ಳಲು ಆಗ ಆಸ್ಪತ್ರೆಗಳಲ್ಲಿ ಹಾಸಿಗೆಯಿರಲಿಲ್ಲ. ಹಾಗಾದರೆ ಅವರು ಉಳಿಯುವುದಿಲ್ಲವೆಂದು ನನಗೂ ಅಕ್ಕನಿಗೂ ಗೊತ್ತಿತ್ತು. ಓಡಾಟದ ಪಾಸು ಹಿಡಿದುಕೊಂಡು ಇಬ್ಬರೂ ಬೀದಿಯ ಬ್ಯಾರಿಕೇಡಿನವರೆಗೆ ಹೋದೆವು. ಅಲ್ಲಿದ್ದ ಪೊಲೀಸ್ ಪೇದೆ, "ಒಳಗೆ ಹೋಗ್ಬಹುದು ಮೇಡಂ, ಎರಡು ವಾರ ಹೊರಗೆ ಬರೋ ಹಾಗಿಲ್ಲ" ಎಂದ. ನಾನು ಹೋಗುತ್ತೇನೆ ಎಂದೆ. ನನ್ನ ಮೇಲೆ ಆಗ ಇನ್ನೂ ಆರೇಳು ಮನೆಗಳು ನಿಂತಿದ್ದವು. ನೀನು ಹೋದರೆ ಅವರಿಗೆ ಆಮೇಲೇನು ಎಂದು ಅಕ್ಕ ಕೇಳಲಿಲ್ಲ. ನನ್ನ ತೋಳು ಹಿಡಿದುಕೊಂಡರು ಅಷ್ಟೆ.

ಮಾಸ್ಟರ ಹಾಸಿಗೆಯ ಪಕ್ಕದಲ್ಲಿ ಸದಾ ಇರುವ, ಕರೆ ಬಂದರೆ ತಾನೇ ಸ್ಪೀಕರಿನಲ್ಲಿ ತೆರೆದುಕೊಳ್ಳುವ ಫೋನಿಗೆ ಕರೆಮಾಡಿದೆವು. ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ಅಕ್ಕ ಕೇಳಿದರು.

"ಯಾರು, ಆ ಬಸ್ ಕಂಡಕ್ಟರಮ್ಮನಾ? ಬೇಡವೇ ಬೇಡ. ಬೆಳಗಿನ ಡ್ಯೂಟಿ ಮುಗಿಸಿ ಬಂದು ಮಲಗಿದ್ರೆ ನಿಮ್ಮ ರೇಡಿಯೋ ಕಾಟ, ಎತ್ತಿ ಬೀದಿಗೆ ಬಿಸಾಕ್ತೀನಿ ಅಂದವಳು ಅವಳು!"

"ಹಾಗಾದ್ರೆ ತೋಳಲ್ಲಿ ಶಕ್ತಿ ಇದೆ ಅಂತಾಯ್ತು. ಕರೀತೀನಿ" ಎಂದರು ಅಕ್ಕ.

ಬಸ್ಸುಗಳು ನಿಂತು ಮನೆಯಲ್ಲೇ ಇದ್ದ ಕಂಡಕ್ಟರಮ್ಮ, ಅಕ್ಕ ಬ್ಯಾರಿಕೇಡಿನಿಂದಲೇ ಕೂಗಿ ಹೇಳಿದಂತೆ, ಮೀಟರ್ ಪೆಟ್ಟಿಗೆಯಲ್ಲಿದ್ದ ಕೀಲಿ ತೆಗೆದು, ಬಾಗಿಲ ಹಿಂದಿನ ನೀಲಿ ಚೀಲದಿಂದ ಮಾಸ್ಕು ಗ್ಲೌಸು ಹಾಕಿಕೊಂಡು ಒಳಗೆ ಹೋದದ್ದು ಫೋನಿನಲ್ಲೇ ಕೇಳಿಸಿತು. ಆದರೆ ಮಾಸ್ಟರ್ ಬಾಯಿ ಬಿಡಲೊಲ್ಲರು. ಜಗಳವಾಡಿದ ಹೆಂಗಸಿನ ಕೈಯಲ್ಲಿ ಮೈ ತೊಳೆಸಿಕೊಳ್ಳುವುದಕ್ಕಿಂತ ಸಾಯುವುದೇ ಮೇಲೆನಿಸಿತ್ತಂತೆ, ಆಮೇಲೆ ಅವರೇ ಹೇಳಿದರು. "ನಾನು ದಿನಾ ತುಂಬಿದ ಬಸ್ಸಲ್ಲಿ ನುಗ್ಗಾಡೋಳು, ನನಗೇನೂ ನಾಚಿಕೆ ಇಲ್ಲ. ಏನು ಮಾಡ್ಬೇಕು ಅಂತ ಹೇಳೋರು ಬೇಕಲ್ಲ!" ಎಂದು ಕಂಡಕ್ಟರಮ್ಮ ಕೂಗಿದಳು. ಹೇಗೆ ಹಿಡಿಯಬೇಕೆಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನನ್ನು ತಡೆದರು. ಪೇದೆ ತನ್ನ ಕುರ್ಚಿಯನ್ನು ಸರಿಸಿಕೊಟ್ಟಿದ್ದ. ಅದರಲ್ಲಿ ಕೂತು ಎರಡೂ ಕೈ ಕಟ್ಟಿಕೊಂಡರು. ನಾನು ಹಿಡಿದಿದ್ದ ಫೋನಿನ ಕಡೆಗೆ ಬಾಗಿ, "ಮಾಸ್ಟರೇ, ಇವತ್ತು ಬುಧವಾರ ಅಂದ್ಕೊಳ್ಳಿ" ಎಂದರು.

ಬಳಿಕ ಆ ಸಿಡುಕು ದನಿ ಮೆಲ್ಲಗೆ ಶುರುವಾಯಿತು.

"ಮೊದಲು ಎಡಗಡೆ ಬಂದು ನಿಂತ್ಕೊಳ್ಳಿ. ನನ್ನ ಬಲಗಾಲು ತೆಗೆದು ಎಡಗಾಲ ಮೇಲಿಡಿ. ತೋಳು ಹಿಡಿದು ಎಳೀಬೇಡಿ. ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ... ಹಾಂ, ಈಗ ನಿಮ್ಮ ಕಡೆ ಉರುಳಿಸಿ. ಹಾಸಿನಲ್ಲಿ ಒಂದು ಸುಕ್ಕೂ ಉಳೀಬಾರದು. ಅಲ್ಲಿ ಉಳೀತು ನೋಡಿ. ಎಳೀರಿ. ಇನ್ನೂ."

"ಸ್ವಲ್ಪ ಒಳಗೆ ಸರೀರಿ ಮಾಸ್ಟರೇ, ಇನ್ನೂ ಇಬ್ಬರಿಗೆ ಜಾಗ ಇದೆ" ಎಂದಳು ಕಂಡಕ್ಟರಮ್ಮ.

ಮಾಸ್ಟರ್ ನಕ್ಕ ಸದ್ದು ಕೇಳಿಸಿತು. ಬ್ಯಾರಿಕೇಡಿನ ಈಚೆ ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೂಡ ಅವರು ಕಟ್ಟಿದ ಕೈ ಬಿಚ್ಚಲಿಲ್ಲ. ನನಗಂತೂ ಆ ಪೇದೆಯ ಎದುರಿಗೇ ಅಳು ಬಂತು.

ಸೀಲ್ ತೆರೆಯುವವರೆಗೂ ಕಂಡಕ್ಟರಮ್ಮನೇ ನೋಡಿಕೊಂಡಳು. ವಾರಗಿತ್ತಿಯರು ಗುಣವಾಗಿ ಕೆಲಸಕ್ಕೆ ಮರಳಿದಾಗ ಮಾಸ್ಟರ ಬೆನ್ನಿನ ಮೇಲೆ ಒಂದು ಕೆಂಪು ಗುರುತೂ ಇರಲಿಲ್ಲ. ರೇಡಿಯೋ ಈಗಲೂ ಮೊಳಗುತ್ತದೆ, ಆದರೆ ಅದರ ಕಿವಿ ಹಿಂಡುವ ಅಧಿಕಾರ ಕಂಡಕ್ಟರಮ್ಮನದು. ಈಗ ಪ್ರತಿ ರೋಗಿಗೂ ಜೋಡಿಯಲ್ಲದೆ ಕೂಗಳತೆಯಲ್ಲಿರುವ ಒಬ್ಬ ನೆರೆಯವರನ್ನು ಗೊತ್ತುಮಾಡಿ, ವರ್ಷಕ್ಕೊಮ್ಮೆಯಾದರೂ ಅವರನ್ನೂ ಬುಧವಾರದ ಕೆಲಸಕ್ಕೆ ಕರೆಯುತ್ತೇವೆ. ಬೇರೆ ಊರುಗಳ ಕೇಂದ್ರದವರು ನೋಡಿ ಕಲಿಯಲು ಬರುತ್ತಾರೆ. ಬಂದವರಿಗೆ ಅಕ್ಕ ಮೊದಲು ತೋರಿಸುವುದು ತಮ್ಮ ತಪ್ಪನ್ನು. ಗೆಳತಿಯರನ್ನು ಜೋಡಿ ಮಾಡಬೇಡಿ, ಒಂದೇ ಡಬ್ಬಿಯಲ್ಲಿ ಉಣ್ಣುವವರನ್ನಂತೂ ಬೇಡವೇ ಬೇಡ ಎನ್ನುತ್ತಾರೆ.

ಅವರ ಸ್ಥಾನಕ್ಕೆ ನನ್ನನ್ನು ಆರಿಸಿದ್ದಾರೆ. ಈ ಕೊನೆಯ ತಿಂಗಳ ಬುಧವಾರಗಳಲ್ಲಿ ನಾನು ಅವರ ಮೇಜಿನಲ್ಲಿ ಕೂತು ಫೋನು ಎತ್ತುತ್ತಿದ್ದೇನೆ, ಅವರು ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿರುತ್ತಾರೆ. ಮೊನ್ನೆ ತಡೆಯಲಾರದೆ, "ಅಕ್ಕಾ, ನೀವು ಹೋದ ಮೇಲೆ... ಆಮೇಲೇನು?" ಎಂದು ಕೇಳಿಯೇಬಿಟ್ಟೆ. ಕುರ್ಚಿಯಲ್ಲಿ ಕೂತವರು ಬಾಯಿ ಬಿಡಬಾರದೆಂಬ ನಿಯಮ ಮಾಡಿದವರು ಅವರೇ ತಾನೇ. ನನ್ನನ್ನೇ ನೋಡುತ್ತಾ ಕೂತರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ನಾನು ಎತ್ತಿಕೊಂಡೆ.

ಸಮಾರಂಭದ ದಿನ ಅವರಿಗೆ ಒಂದು ಮೆತ್ತೆ ಸಿಗಲಿದೆ, ಆ ಕುರ್ಚಿಗಾಗಿಯೇ ಅಳತೆ ತೆಗೆದು ಮಾಡಿದ್ದು. ಅದನ್ನು ಹೊಲಿದವಳು ಕಂಡಕ್ಟರಮ್ಮ, ಮಾಸ್ಟರ ಮಂಚದ ಪಕ್ಕಕ್ಕೇ ಎಳೆದುಕೊಂಡ ಅವರ ಹಳೆಯ ಮಿಷನ್ನಿನಲ್ಲಿ. ಬಟ್ಟೆ ಹೇಗೆ ಹಿಡಿಯಬೇಕು, ಎಲ್ಲಿ ತಿರುಗಿಸಬೇಕು ಎಂದು ಮಲಗಿದಲ್ಲಿಂದಲೇ ಹೇಳಿಕೊಟ್ಟು ಮಾಡಿಸಿದವರು ಮಾಸ್ಟರ್. ಒಂದು ಅಂಚು ಸೊಟ್ಟಗಾಗಿದೆ, ಬಿಚ್ಚಿ ಹೊಲಿ ಎಂದು ಅವರು ಎರಡು ದಿನ ಜಗಳವಾಡಿದರಂತೆ, ಅವಳು ಜಗ್ಗಲಿಲ್ಲವಂತೆ. ಅಕ್ಕನಿಗೆ ನೂರು ತುಂಬಲಿ, ಮಂಡಿನೋವು ಹಿಡಿತದಲ್ಲಿರಲಿ, ಕಂಡಕಂಡವರನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಅವರ ಕೆಲಸಕ್ಕೆ ನಿವೃತ್ತಿಯೇ ಇಲ್ಲದಿರಲಿ ಎಂದು ಕೇಂದ್ರದ ಎಲ್ಲರ ಪರವಾಗಿ ಹಾರೈಸುತ್ತೇನೆ. ಮಾಸ್ಟರ್ ಮಾತ್ರ ತಮ್ಮ ಹಾರೈಕೆಯನ್ನು ಬೇರೆಯಾಗಿಯೇ ಹೇಳಿಕಳಿಸಿದ್ದಾರೆ. ಅದನ್ನು ಅವರ ಮಾತಲ್ಲೇ ಇಲ್ಲಿ ಒಪ್ಪಿಸುತ್ತಿದ್ದೇನೆ.

"ಮೇಡಂ, ಹೊಲಿಗೆ ಸೊಟ್ಟಗಿದೆ, ಬೈಕೊಂಡೇ ಕೂತ್ಕೊಳ್ಳಿ. ನಾನು ಪಾಸಾಗಿದ್ದೀನಿ."