ನೂರಕ್ಕೆ ನೂರು ಬಂದ ಶಾಲೆ

ಗರ್ರನೆ ತಿರುಗುತ್ತಿದ್ದ ರೇಷ್ಮೆನೂಲಿನ ಮಿಷನ್ನನ್ನು ಜಹೀದಾ ನಿಲ್ಲಿಸಲಿಲ್ಲ. ಬಾಗಿಲಲ್ಲಿ ನಿಂತ ಲತಾಮಣಿ ಆ ಸದ್ದಿನ ಮೇಲೆ ಕೂಗಿ ಮಾತಾಡಬೇಕಾಯಿತು.

"ಹಾಜಿರಾನ ಸ್ಕೂಲಿಗೆ ಕಳ್ಸವ್ವ."

"ಯಾಕ್ ಮಿಸ್? ಅವತ್ತು ದಡ್ಡಿ ಅಂತ ಓಡಿಸಿದ್ರಿ. ಈಗ ಸ್ಕೂಲ್ ಮುಚ್ಚೋ ಹಂಗಾದ್ಮೇಲೆ ದಡ್ಡೀನೇ ಬೇಕಾಯ್ತಾ?"

ಬಿಸಿನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದ ಮಗಳು ಹಾಜಿರಾ ತಲೆಯೆತ್ತಲಿಲ್ಲ. ಅವಳ ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ಲತಾಮಣಿಗೆ ಸಿಟ್ಟು ನೆತ್ತಿಗೇರಿತು. ಜಹೀದಾಳ ಮೇಲಲ್ಲ.

ಚನ್ನಪಟ್ಟಣದಾಚೆಯ ಈ ಪುಟ್ಟ ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಲತಾಮಣಿ ಗಣಿತದ ಮೇಡಂ. ಮಾಗಡಿ ಕಡೆಯ ಕೆಂಪಾಪುರದವರು. ಹತ್ತನೇ ತರಗತಿಯಲ್ಲಿ ಗಣಿತದಲ್ಲೇ ಫೇಲಾಗಿದ್ದವರು. ಅಪ್ಪ ಬೈರಪ್ಪ ಓದು ಬಿಡಿಸಿ ಹೊಲಕ್ಕೆ ಕರೆದೊಯ್ಯಲು ಬಂದಾಗ ಮೇಷ್ಟ್ರು, "ಇನ್ನೊಂದ್ಸಲ ಕಟ್ಸಪ್ಪ, ಪಾಸಾಯ್ತಾಳೆ" ಎಂದು ಅಡ್ಡ ನಿಂತಿದ್ದರು. ಮೇಷ್ಟ್ರ ಕೆಲಸವೆಂದರೆ ಹಾಗೆ ಅಡ್ಡ ನಿಲ್ಲುವುದೇ ಎಂದು ನಂಬಿ ಲತಾಮಣಿ ಟೀಚರಾದರು.

ಅವರ ಹೆಡ್ಮಾಸ್ಟರು ರುದ್ರಪ್ರಸಾದ್ ನಂಬಿದ್ದು ಫಲಿತಾಂಶವನ್ನು. ಹೋದ ವರ್ಷ, ಒಂಬತ್ತು ಮುಗಿಸಿದವರಲ್ಲಿ ಪಾಸಾಗಲಾರರು ಅನಿಸಿದ ಮಕ್ಕಳ ಅಪ್ಪ ಅಮ್ಮಂದಿರನ್ನು ಒಬ್ಬೊಬ್ಬರಾಗಿ ಕರೆಸಿ ಟಿಸಿ ಕೈಗಿಟ್ಟರು. ಲತಾಮಣಿ ಜಗಳವಾಡಿದರು, ಉಳಿದ ಟೀಚರುಗಳು ಟೀ ಕುಡಿಯುತ್ತ ಕೂತಿದ್ದರು. ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಬಂತು. ಗೇಟಿಗೆ ಫ್ಲೆಕ್ಸು, ಹೆಡ್ಮಾಸ್ಟರಿಗೆ ಶಾಲು, ಕೆಂಗಲ್ ಆಂಜನೇಯನಿಗೆ ಪೂಜೆ. ಹಾಜಿರಾಳಿಗೆ ಬಿಸಿನೀರಿನ ತೊಟ್ಟಿ.

ಆದರೆ ಟಿಸಿ ಪಡೆದ ಮಕ್ಕಳ ತಮ್ಮ ತಂಗಿಯರೂ ಶಾಲೆಯತ್ತ ತಲೆ ಹಾಕಲಿಲ್ಲ. ಯಾಕೆ ಹಾಕುತ್ತಾರೆ? ಜೂನ್‌ನಲ್ಲಿ ಎಂಟನೇ ತರಗತಿಯ ಬೆಂಚುಗಳು ಖಾಲಿ ಬಿದ್ದವು. ಮಕ್ಕಳು ಹೆಚ್ಚದಿದ್ದರೆ ಶಾಲೆಯನ್ನು ಪಟ್ಟಣದ ಶಾಲೆಯೊಂದಿಗೆ ಸೇರಿಸುತ್ತೇವೆಂದು ಮೇಲಿನವರು ಹೇಳಿದರು. ಆಗ ರುದ್ರಪ್ರಸಾದರಿಗೆ ಹಾಜಿರಾ ನೆನಪಾದಳು. ಕರೆತರಲು ಲತಾಮಣಿಯನ್ನು ಕಳಿಸಿದರು.

"ಪರೀಕ್ಷೆಗೆ ಕೂರುಸ್ತೀರಾ ಮಿಸ್? ಇಲ್ಲಾ ಮತ್ತೆ ಓಡುಸ್ತೀರಾ?" ಮಿಷನ್ನಿನ ಮುಂದಿಂದಲೇ ಜಹೀದಾ ಕೇಳಿದಳು.

"ಕೂರುಸ್ತೀನಿ ಕಣವ್ವ. ಫೇಲಾದ್ರೆ ಇನ್ನೊಂದ್ಸಲ ಕೂರುಸ್ತೀನಿ."

ಜಹೀದಾ ಮಿಷನ್ನು ನಿಲ್ಲಿಸಿದಳು.

ಮರುದಿನ ಹಾಜಿರಾ ಗಿಡ್ಡವಾಗಿದ್ದ ಹಳೆಯ ಯೂನಿಫಾರ್ಮಿನಲ್ಲಿ ಬಂದು ಹೆಡ್ಮಾಸ್ಟರ ಕೋಣೆಯ ಹೊರಗೆ ನಿಂತಳು. ಒಳಗೆ ರುದ್ರಪ್ರಸಾದ್ ಖುಷಿಯಲ್ಲಿದ್ದರು.

"ಭೇಷ್ ಮೇಡಂ! ಮೇಲಿನೋರು ಬಂದು ಮಕ್ಕಳ ಲೆಕ್ಕ ತಗೊಂಡು ಹೋಗೋಗಂಟ ಇಟ್ಕಳಿ. ಪರೀಕ್ಷೆ ಕಟ್ಟೋ ಹೊತ್ಗೆ ಹೆಂಗೂ ಟಿಸಿ ಕೊಟ್ರಾಯ್ತು."

"ಸಾರ್, ಮಗು ಹೊರಗೇ ನಿಂತೈತೆ."

"ನಿಂತಿರ್ಲಿ ಬುಡಿ. ಅದಕ್ಕೆ ಇಷ್ಟೆಲ್ಲಾ ಅರ್ಥ ಆಗೋ ಹಂಗಿದ್ರೆ ಗಣಿತ ಅರ್ಥ ಆಯ್ತಿರ್ಲಿಲ್ವಾ?" ಅವರು ನಕ್ಕರು.

"ಅರ್ಥಾಯ್ತದೆ ಸಾರ್. ಗಣಿತದಲ್ಲಿ ಫೇಲಾದೋಳು ನಾನೂವೆ. ಅವಳು ಪರೀಕ್ಷೆ ಬರೀತಾಳೆ. ನಾನು ಮಾತು ಕೊಟ್ಟಿವ್ನಿ."

"ಯಾರನ್ನ ಕೇಳಿ ಕೊಟ್ರಿ? ರಿಸಲ್ಟ್ ಬಿದ್ರೆ ಮೇಲಿನೋರಿಗೆ ಉತ್ತರ ಹೇಳೋನು ನಾನು. ಒಸಿ ಕೂತ್ಕಳಿ ಮೇಡಂ, ನೀವು ಏನ್ ತಿಳ್ಕೊಂಡಿದ್ದೀರಿ ಅಂದ್ರೆ..."

ಲತಾಮಣಿ ಆಗಲೇ ಹೊಸಿಲು ದಾಟಿ, ಹಾಜಿರಾಳ ಕೈ ಹಿಡಿದು ಹತ್ತನೇ ತರಗತಿಯತ್ತ ನಡೆದಿದ್ದರು.