ಮೆಂಬರ್ ಪಿಳ್ಳಪ್ಪನವರ ಮೆಲುದನಿ

ಪಿಳ್ಳಪ್ಪನವರು ದನಿಯೆತ್ತಿ ಮಾತಾಡಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ. ಎದುರಿಗಿದ್ದವರು ಸ್ವಲ್ಪ ಬಾಗಿ, ಕಿವಿಗೊಟ್ಟು ಕೇಳಬೇಕು, ಅಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಹಾಗೆ ಬಾಗಿ ಬಾಗಿ ಹೊಸಕೋಟೆ ತಾಲ್ಲೂಕಿನ ಅರ್ಧ ಜನಕ್ಕೆ ಅವರ ಮುಂದೆ ಬಾಗುವುದೇ ಅಭ್ಯಾಸವಾಗಿಹೋಗಿತ್ತು. ನನಗೂ ಆಗಿತ್ತು. ಅವರು ತೀರಿಕೊಂಡು ಇಷ್ಟು ವರ್ಷವಾದರೂ ಅವರನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. ಆ ಉರಿಯಲ್ಲಿ ಒಂದು ಪಾಲು ನನ್ನ ಮೇಲಿನದೇ.

ಅವರು ಅನುಗೊಂಡನಹಳ್ಳಿ ಕಡೆಯ ಜಮೀನುದಾರರು. ಮಹಾರಾಜರ ಕಾಲದ ಪ್ರಜಾಪ್ರತಿನಿಧಿ ಸಭೆಗೆ ನಮ್ಮ ಕಡೆಯಿಂದ ಆರಿಸಿಹೋಗಿದ್ದರು. ಹಾಗಾಗಿ ಊರಿಗೆಲ್ಲ ಅವರು ‘ಮೆಂಬರು’. ಎತ್ತರದ ಆಳು, ಕಪ್ಪು ಕ್ಲೋಸ್ ಕೋಟು, ಜರಿಪೇಟ, ಬಾಯಲ್ಲಿ ಸದಾ ಏಲಕ್ಕಿ. ದಸರಾ ಅಧಿವೇಶನಕ್ಕೆ ಮೈಸೂರಿಗೆ ಹೊರಟರೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಮದುವೆ ದಿಬ್ಬಣದಷ್ಟು ಜನ ಸೇರುತ್ತಿದ್ದರು. ಪ್ರತಿಯೊಬ್ಬರ ಹೆಸರೂ ಅವರಿಗೆ ಗೊತ್ತು. ನಿಮ್ಮ ತಾಯಿಯ ಮಂಡಿನೋವು, ನಿಮ್ಮ ಹಸು ಈದದ್ದು, ನಿಮ್ಮ ಮೈದುನ ಮುನಿಸಿಕೊಂಡು ಹೋದದ್ದು, ಒಂದನ್ನೂ ಮರೆಯದೆ ವಿಚಾರಿಸುತ್ತಿದ್ದರು.

ನಾನು ಹೊಸಕೋಟೆಯ ಹೆಣ್ಣುಮಕ್ಕಳ ಪ್ರೈಮರಿ ಶಾಲೆಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಹದಿನಾರಕ್ಕೇ ಗಂಡ ತೀರಿಕೊಂಡಿದ್ದ. ನಮ್ಮಪ್ಪ ಊರವರ ಬಾಯಿಗೆ ಹೆದರದೆ ಬೆಂಗಳೂರಿಗೆ ಕಳಿಸಿ ಟ್ರೈನಿಂಗ್ ಮಾಡಿಸಿದ್ದರು. ಒಂಟಿ ವಿಧವೆಗೆ ಮನೆ ಕೊಡುವವರು ಯಾರು? ಒಂದು ವಾರ ಶಾಲೆಯಲ್ಲೇ ಮಲಗಿದೆ. ಸುದ್ದಿ ಕೇಳಿ ಪಿಳ್ಳಪ್ಪನವರೇ ಬಂದರು. ಪಕ್ಕದ ಬೀದಿಯ ಮನೆಯವರನ್ನು ಕರೆಸಿ, “ಈಯಮ್ಮ ನನ್ನ ತಂಗಿ ಅಂದ್ಕಳಿ. ಏನಾದ್ರೂ ಮಾತು ಬಂದ್ರೆ ನಂಗೆ ಹೇಳಿ, ಅವರಿಗಲ್ಲ” ಎಂದರು. ಅವತ್ತು ಸಂಜೆಯೇ ಮನೆ ಸಿಕ್ಕಿತು. ಮಾರನೆಯ ದಿನ ಅವರ ತೋಟದಿಂದ ಒಂದು ಬುಟ್ಟಿ ಸೀಬೆಹಣ್ಣು ಬಂತು. ಅದನ್ನು ನಾನು ಮರೆತಿಲ್ಲ. ಮರೆಯಲಾಗುವಂತಿದ್ದರೆ ಸಿಟ್ಟಾಗುವುದು ಸುಲಭವಾಗುತ್ತಿತ್ತು.

ಅವರದೊಂದು ಮಾತಿತ್ತು. “ಒಳ್ಳೇದೇ ಕಣಮ್ಮ. ಆದ್ರೆ ಈಗ್ಲೇ ಬೇಡ.” ಯಾವ ಹೊಸ ವಿಷಯ ಬಂದರೂ ಇದೇ ಉತ್ತರ. ಹುಡುಗಿಯರ ಮದುವೆ ವಯಸ್ಸು ಏರಿಸುವುದು ಒಳ್ಳೆಯದೇ, ಈಗಲೇ ಬೇಡ. ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಒಳ್ಳೆಯದೇ, ಈಗಲೇ ಬೇಡ. ಊರ ಬಾವಿಯಲ್ಲಿ ಎಲ್ಲ ಜಾತಿಯವರೂ ನೀರು ಸೇದಬಹುದೆಂಬ ಮಾತೆದ್ದಾಗ ಸಭೆಯಲ್ಲಿ ಎದ್ದುನಿಂತು ಇದನ್ನೇ ಹೇಳಿದರಂತೆ. ಹೇಳಿ ಬಂದವರು ಊರಾಚೆಯ ಕೇರಿಗೆ ಸ್ವಂತ ಖರ್ಚಿನಲ್ಲಿ ಬೇರೆ ಬಾವಿ ತೋಡಿಸಿ, ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ತಾಲ್ಲೂಕೆಲ್ಲ ಹೊಗಳಿತು. ಎರಡನೇ ಬೇಸಿಗೆಗೆ ಆ ನೀರು ಉಪ್ಪಾಯಿತು. ಕೇರಿಯ ಹೆಂಗಸರು ಮತ್ತೆ ಊರ ಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಹೊಯ್ಯಲಿ ಎಂದು ಬಿಸಿಲಲ್ಲಿ ಕಾದು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಿಳ್ಳಪ್ಪನವರಿಗೆ ಹೇಳಿದೆ. ಅವರು ನಕ್ಕು, “ಬಾವಿ ಕೊಟ್ಟಿದೀನಲ್ಲಮ್ಮ. ನೀರು ದೇವ್ರದು” ಎಂದರು.

ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಯುದ್ಧ ಶುರುವಾಗಿ ಹಳೇ ಮದ್ರಾಸ್ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲಕ್ಕೆ ಚುನಾವಣೆ ಬಂತು. ಸ್ವಂತ ಹೆಸರಿನಲ್ಲಿ ಕಂದಾಯ ಕಟ್ಟುವ ಇಲ್ಲವೇ ಓದಿದ ಹೆಂಗಸರಿಗೆ ಓಟಿತ್ತು. ಅಂಥವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲು ಬೇಕೆಂದು ನಾನು ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದೆ. ಪಿಳ್ಳಪ್ಪನವರು ಶಾಲೆಗೆ ಬಂದು ಬೆಂಚಿನ ಮೇಲೆ ಕೂತು, “ಈ ಸಲ ಅದನ್ನ ನಾನೇ ಎತ್ತುತೀನಿ ಟೀಚರಮ್ಮ. ನೀವು ನಾಕು ಜನ ಹೆಂಗಸ್ರಿಗೆ ಒಂದು ಮಾತು ಹೇಳಿ” ಎಂದರು.

ಸರ್ಕಾರಿ ನೌಕರಳಾದ ನಾನು ಹಾಗೆ ಮಾಡಬಾರದು. ಗೊತ್ತಿದ್ದೂ ಮಾಡಿದೆ. ಮಕ್ಕಳ ಓದು ವಿಚಾರಿಸುವ ನೆಪದಲ್ಲಿ ಮನೆಮನೆಗೆ ಹೋದೆ. ಅನುಗೊಂಡನಹಳ್ಳಿಯಲ್ಲಿ ಪಾಪಮ್ಮ ಎಂಬ ಮುದುಕಿ ಇದ್ದರು. ಗಂಡ ಸತ್ತ ಮೇಲೆ ತಾನೇ ಬೇಸಾಯ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ರಾಗಿ ಕೇರುತ್ತಲೇ ಕೇಳಿದರು: “ಅವ್ನಿಗ್ಯಾಕವ್ವ ಓಟು? ಅವ್ನು ನಗ್ತಾನೆ, ಅಷ್ಟೇಯ.”

“ಹುಡ್ಗೀರಿಗೆ ಸ್ಕೂಲ್ ತರ್ತಾರಂತೆ ಪಾಪಮ್ಮನೋರೆ. ನನ್ ಮಾತು ನಂಬಿ.”

“ನಿನ್ ಮಾತು ನಂಬ್ತೀನಿ, ಹೋಗು,” ಎಂದರು.

ಪಿಳ್ಳಪ್ಪನವರು ಗೆದ್ದರು. ಅರ್ಜಿಗೆ ಎಂಟು ಜನ ತಂದೆಯರು ರುಜು ಹಾಕಿದರು. ಮೊದಲ ರುಜು ಬಟ್ಟೆ ಅಂಗಡಿಯ ಸುಭಾನ್ ಸಾಹೇಬರದು. ಅವರ ಮಗಳು ಮೆಹರುನ್ನೀಸಾ ನನ್ನ ನಾಲ್ಕನೇ ಕ್ಲಾಸಿನಲ್ಲಿದ್ದಳು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಎರಡನ್ನೂ ಒಂದಕ್ಕೊಂದು ಸೋಕಿಸದೆ ಆಡುವಳು. ಲೆಕ್ಕವನ್ನು ಹಲಗೆಯ ಮೇಲೆ ಬರೆಯುವ ಮೊದಲೇ ಉತ್ತರ ಹೇಳಿ, ಆಮೇಲೆ ನಾಚಿ ಬಾಯಿ ಮುಚ್ಚಿಕೊಳ್ಳುವಳು. ಸಾಹೇಬರು ನನಗೆ ಹೇಳಿದ್ದರು: “ಟೀಚರಮ್ಮ, ಲೋಗ್ ಏನಾದ್ರೂ ಅಂದ್ಕೊಳ್ಳಿ. ಪರದೆ ಕಟ್ಟಿದ ಗಾಡಿ ಮಾಡಿ ಕಳಿಸ್ತೀನಿ ನನ್ ಬೇಟೀನ. ನೀವು ಕ್ಲಾಸ್ ತನ್ನಿ, ಬಸ್, ಅಷ್ಟೇ ಸಾಕು.” ಪಿಳ್ಳಪ್ಪನವರು ಅರ್ಜಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎಂಟು ಜನಕ್ಕೂ ಕಾಫಿ ಕೊಡಿಸಿದರು.

ದಸರಾ ಮುಗಿದ ಮೇಲೆ, ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬೆಂಗಳೂರು ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಸುಭಾನ್ ಸಾಹೇಬರೇ ಶಾಲೆಗೆ ಹಿಡಿದುಕೊಂಡು ಬಂದರು. ಸಭೆಯ ವರದಿ ಬಂದಿತ್ತು. ನಮ್ಮ ಮೆಂಬರು ಎದ್ದುನಿಂತು, ಹೊಸಕೋಟೆಯಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ತಂದೆತಾಯಿಗಳ ಒಪ್ಪಿಗೆಯೇ ಇಲ್ಲ, ಅದರಲ್ಲೂ ಮುಸಲ್ಮಾನ ಮನೆತನಗಳಿಗೆ ಇದರಿಂದ ನೋವಾಗುತ್ತದೆ, ಯುದ್ಧಕಾಲದಲ್ಲಿ ಸರ್ಕಾರ ಇಂಥ ಅವಸರಕ್ಕೆ ಕೈಹಾಕಬಾರದು ಎಂದಿದ್ದರು. ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಹಾಗಾದ್ರೆ ನನ್ ದಸ್ಕತ್ ಎಲ್ಲಿ ಹೋಯ್ತು ಟೀಚರಮ್ಮ?”

ಮಧ್ಯಾಹ್ನವೇ ಶಾಲೆಗೆ ರಜೆ ಕೊಟ್ಟು ಮೆಂಬರ ಮನೆಗೆ ಹೋದೆ. ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಚಾಪೆ ಹಾಸಿಸಿದರು. ನಾನು ಕೂರಲಿಲ್ಲ.

“ಎಂಟು ಜನ ರುಜು ಹಾಕಿದ್ದರು. ಒಪ್ಪಿಗೆ ಇಲ್ಲ ಅಂತ ಹ್ಯಾಗೆ ಹೇಳಿದ್ರಿ?”

“ಎಂಟು ಜನ ತಾನೇ ಟೀಚರಮ್ಮ? ಮಿಕ್ಕೋರು ನನ್ ಕಿವೀಲಿ ಬೇರೆ ಹೇಳ್ತಾರೆ. ಹೆಣ್ಮಕ್ಳು ಇಂಗ್ಲೀಷ್ ಓದ್ಬಿಟ್ರೆ ಗದ್ದೆ ಕೆಲ್ಸಕ್ಕೆ ಯಾರು, ಮನೆಗೆ ಯಾರು ಅಂತ. ನಾನು ಎಲ್ರ ಮೆಂಬರು ಕಣಮ್ಮ.”

“ನನಗೆ ಮಾತು ಕೊಟ್ಟಿದ್ರಿ. ನಾನು ಹೋಗಿ ಹೆಂಗಸರಿಗೆ ಮಾತು ಕೊಟ್ಟೆ. ಈ ಸುಳ್ಳನ್ನ ನಾನು ಪತ್ರಿಕೆಗೆ ಬರೀತೀನಿ.”

ಅವರು ಒಂದು ಏಲಕ್ಕಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೂ ಮೆಲ್ಲಗೆ, ನಾನು ಬಾಗಲೇಬೇಕಾಗುವಷ್ಟು ಮೆಲ್ಲಗೆ ಹೇಳಿದರು: “ಬರೀರಮ್ಮ. ನೀವು ಸರ್ಕಾರಿ ನೌಕರರು ಅಲ್ವಾ? ಎಲೆಕ್ಷನ್ನಲ್ಲಿ ಮನೆಮನೆಗೆ ಹೋಗಿ ಓಟು ಕೇಳಿದ್ದು ಅಮಲ್ದಾರ್ರಿಗೆ ಗೊತ್ತಿಲ್ಲ. ಗೊತ್ತಾಗೋದು ನಂಗೆ ಇಷ್ಟಾನೂ ಇಲ್ಲ. ಒಂಟಿ ಹೆಣ್ಣುಮಗಳು, ಕೆಲ್ಸ ಹೋದ್ರೆ ಎಲ್ಲಿಗೆ ಹೋಗ್ತೀರಿ ಅನ್ನೋದೇ ನನ್ ಚಿಂತೆ.”

ಮುಖದಲ್ಲಿ ನಿಜವಾಗಿಯೂ ಚಿಂತೆಯಿತ್ತು. ಅದನ್ನು ನೋಡಿಯೇ ನಾನು ಬಂದ ದಾರಿಗೆ ತಿರುಗಿದೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮನೆಗೆ ಬಂದು ಪತ್ರಿಕೆಗೆಂದು ಕಾಗದ ತೆಗೆದೆ, ಎರಡು ಸಾಲು ಬರೆದೆ, ಹರಿದು ಒಲೆಗೆ ಹಾಕಿದೆ. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಒಲೆ.

ಮೆಹರುನ್ನೀಸಾ ಒಂದು ವರ್ಷ ಸಂಜೆ ಹೊತ್ತು ನನ್ನ ಮನೆಗೆ ಬಂದು ಓದಿದಳು. ಆಮೇಲೆ ಸಾಹೇಬರ ಅಣ್ಣತಮ್ಮಂದಿರು, ಸ್ಕೂಲೇ ಇಲ್ಲದ ಮೇಲೆ ಹುಡುಗಿಯನ್ನು ಯಾತಕ್ಕೆ ಕೂರಿಸಿಕೊಂಡಿದ್ದೀಯ ಎಂದು ದಿನಾ ಹಿಂಡಿದರು. ಹದಿಮೂರಕ್ಕೆ ಕೋಲಾರದ ಕಡೆಗೆ ಮದುವೆಯಾಯಿತು. ಹೋಗುವಾಗ ನನ್ನ ಭೂಗೋಳದ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು.

ಯುದ್ಧ ಮುಗಿದ ವರ್ಷ ಮತ್ತೆ ಚುನಾವಣೆ ಬಂದಾಗ ನಾನು ಅದೇ ಮನೆಗಳಿಗೆ ಮತ್ತೆ ಹೋದೆ, ಈ ಸಲ ಯಾವ ನೆಪವೂ ಇಲ್ಲದೆ. ಪಾಪಮ್ಮ ಮೊರ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು. “ಹೋದ್ಸಲ ಹಾಕು ಅಂದೆ. ಈಗ ಹಾಕ್ಬ್ಯಾಡ ಅಂತೀಯ. ನಿನ್ ಬಾಯಿ ಒಂದೋ ಎರ್ಡೋ ತಾಯಿ?” ನಾನು ತಪ್ಪಾಯಿತೆಂದೆ. “ತಪ್ಪು ನಿಂದಾಯ್ತು, ಓಟು ನಂದು ಹೋಯ್ತಲ್ಲ” ಎಂದು ಮೊರ ಎತ್ತಿಕೊಂಡರು. ಅವರು ಯಾರಿಗೆ ಹಾಕಿದರೋ ಗೊತ್ತಿಲ್ಲ. ಪಿಳ್ಳಪ್ಪನವರು ಗೆದ್ದರು. ತಿಂಗಳೊಳಗೆ ನನಗೆ ತ್ಯಾಮಗೊಂಡ್ಲಿಗೆ ವರ್ಗವಾಯಿತು. ನಾನು ಹೊರಡುವ ದಿನ ಮೆಂಬರ ಮನೆಯಿಂದ ಒಂದು ಬುಟ್ಟಿ ಹಣ್ಣು ಬಂತು. ಅದನ್ನು ಹಾಗೇ ವಾಪಸು ಕಳಿಸಿದೆ. ನಾನು ಮಾಡಿದ ಧೈರ್ಯದ ಕೆಲಸ ಅಷ್ಟೇ.

ತ್ಯಾಮಗೊಂಡ್ಲಿನಲ್ಲಿದ್ದಾಗ ಒಂದು ದಿನ ಸುಭಾನ್ ಸಾಹೇಬರು ಹುಡುಕಿಕೊಂಡು ಬಂದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ನೀರು ಕೊಟ್ಟೆ, ಕುಡಿಯಲಿಲ್ಲ. ಚೀಲದಿಂದ ಭೂಗೋಳದ ಪುಸ್ತಕ ತೆಗೆದು ನನ್ನ ಮುಂದಿಟ್ಟರು. “ವಾಪಸ್ ಕೊಡ್ಬೇಕು ಅಂತಿದ್ಲು. ಹೆರಿಗೇಲಿ ಹೋಗ್ಬಿಟ್ಲು, ಟೀಚರಮ್ಮ.” ಮೆಹರುನ್ನೀಸಾಗೆ ಆಗ ಹದಿನಾರೂ ತುಂಬಿರಲಿಲ್ಲ. ಕ್ಲಾಸು ಇದ್ದಿದ್ದರೆ ಬದುಕುತ್ತಿದ್ದಳೇ? ನನಗೆ ಗೊತ್ತಿಲ್ಲ. ಮದುವೆ ಎರಡು ಮೂರು ವರ್ಷ ತಡವಾಗುತ್ತಿತ್ತು, ಅಷ್ಟು ಗೊತ್ತು.

ಸ್ವಾತಂತ್ರ್ಯ ಬಂತು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹುಡುಗರು ಲಾಠಿ ಏಟು ತಿನ್ನುತ್ತಿದ್ದಾಗ ಪಿಳ್ಳಪ್ಪನವರು, ಹುಡುಗರ ದುಡುಕು ಎಂದು ಮಹಾರಾಜರಿಗೆ ನಿಷ್ಠೆಯ ಬಿನ್ನವತ್ತಳೆ ಕಳಿಸಿದ್ದರಂತೆ. ಸರ್ಕಾರ ಬಂದ ಮಾರನೆಯ ತಿಂಗಳೇ ಜರಿಪೇಟ ಹೋಗಿ ಬಿಳಿ ಟೋಪಿ ಬಂತು. ಜೈಲಿಗೆ ಹೋಗಿಬಂದ ಹುಡುಗರೇ ಅವರಿಗೆ ಕುರ್ಚಿ ಹಾಕಿದರು. ಆ ಹುಡುಗರ ತಾಯಂದಿರ ಹೆಸರೂ ಅವರಿಗೆ ಗೊತ್ತಿತ್ತಲ್ಲ.

ನಾನು ಅವರನ್ನು ಕಡೆಯ ಸಲ ನೋಡಿದ್ದು ಹೊಸಕೋಟೆಯಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲು ತೆರೆದ ದಿನ. ಹಳೆಯ ಟೀಚರೆಂದು ನನ್ನನ್ನೂ ಕರೆದಿದ್ದರು. ಮಾವಿನ ತೋರಣ, ಬೆಂಗಳೂರಿನಿಂದ ಬಂದ ಫೋಟೋದವನು, ಮುಂದಿನ ಸಾಲಿನಲ್ಲಿ ಹೊಸ ಲಂಗದ ಹುಡುಗಿಯರು. ರಿಬ್ಬನ್ ಕತ್ತರಿಸಿದವರು ಪಿಳ್ಳಪ್ಪನವರು. ಅದೇ ಮೆಲುದನಿಯಲ್ಲಿ, “ಇದು ನನ್ನ ಬಹುದಿನದ ಕನಸು” ಎಂದರು. ಇಡೀ ಚಪ್ಪರ ಮುಂದಕ್ಕೆ ಬಾಗಿ ಕೇಳಿತು. ಸುಭಾನ್ ಸಾಹೇಬರು ಹಿಂದೆ ಕಂಬಕ್ಕೊರಗಿ ನಿಂತಿದ್ದರು. ಅವರು ತಲೆ ಎತ್ತಲಿಲ್ಲ.

ನಾನು ಎದ್ದೆ. ಏಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

“ಮೆಂಬರೇ, ಎಂಟು ಜನ ತಂದೆಯರು ರುಜು ಹಾಕಿದ ಅರ್ಜಿ ನಿಮ್ಮ ಕೈಲಿತ್ತು. ಒಪ್ಪಿಗೆ ಇಲ್ಲ ಅಂತ ಸಭೇಲಿ ಸುಳ್ಳು ಹೇಳಿದ್ರಿ. ಇಷ್ಟು ವರ್ಷ ತಡ ಮಾಡಿದವರು ನೀವೇ...”

ಪಿಳ್ಳಪ್ಪನವರು ಕೈಮುಗಿದುಕೊಂಡೇ ವೇದಿಕೆಯಿಂದ ಇಳಿದು ಬಂದರು. ಕಣ್ಣಲ್ಲಿ ನೀರಿತ್ತು. ಕೊರಳಲ್ಲಿದ್ದ ಹಾರ ತೆಗೆದು ನನ್ನ ಕೊರಳಿಗೆ ಹಾಕಿ ಜನರ ಕಡೆ ತಿರುಗಿದರು. “ಟೀಚರಮ್ಮನವರು ಈ ಸ್ಕೂಲಿಗೋಸ್ಕರ ನನ್ ಹತ್ರ ಎಷ್ಟು ಜಗಳ ಆಡಿದಾರೆ ಅಂತ ನಿಮ್ಗೆ ಗೊತ್ತಿಲ್ಲ. ಈ ಗೌರವ ಅವರದು.” ಚಪ್ಪಾಳೆ ಬಿತ್ತು. ನಾನು ಮಾತಾಡುತ್ತಲೇ ಇದ್ದೆ. ಚಪ್ಪಾಳೆ ನಿಲ್ಲಲಿಲ್ಲ. ಫೋಟೋದವನ ದೀಪ ಫಕ್ಕನೆ ಹೊಳೆಯಿತು.

ಮಾರನೆಯ ವರ್ಷ ಅವರು ತೀರಿಕೊಂಡರು. ಅಂಗಡಿಗಳೆಲ್ಲ ಬಾಗಿಲು ಹಾಕಿದವು, ಒಂದು ಬಟ್ಟೆ ಅಂಗಡಿ ಬಿಟ್ಟು. ಆ ಫೋಟೋ ಈಗಲೂ ಶಾಲೆಯ ಹೆಡ್‌ಮೇಡಂ ಕೋಣೆಯಲ್ಲಿದೆ. ಪಿಳ್ಳಪ್ಪನವರು ನಗುತ್ತಿದ್ದಾರೆ, ಪಕ್ಕದಲ್ಲಿ ಹಾರ ಹಾಕಿಕೊಂಡು ನಾನಿದ್ದೇನೆ, ಬಾಯಿ ತೆರೆದಿದೆ. ನೋಡಿದವರೆಲ್ಲ ನಾನೂ ನಗುತ್ತಿದ್ದೇನೆ ಎನ್ನುತ್ತಾರೆ. ನಾನು ಆಗ ಮೆಹರುನ್ನೀಸಾಳ ಹೆಸರು ಕೂಗುತ್ತಿದ್ದೆ.