ಮೆಣಸಿನಕಾಯಿ ಕಣದ ಉದ್ಘಾಟನೆ

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಬೆಳೆಗಿಂತ ಸಭೆಗಳೇ ಜಾಸ್ತಿಯಾದವು. ಶಹಾಪುರ ಮತ್ತು ಸುರಪುರದ ನಡುವಿನ ನಮ್ಮೂರಲ್ಲಿ ಬರೀ ಜೋಳ, ತೊಗರಿ ಬೆಳೆಯುತ್ತಿದ್ದಾಗ ನಮ್ಮನ್ನು ಕೇಳುವವರೇ ಇರಲಿಲ್ಲ. ಹೊಲಕ್ಕೆ ನೀರು ಹರಿದು ಮೆಣಸಿನಕಾಯಿ ಕೆಂಪಾದದ್ದೇ ತಡ, ಜೀಪುಗಳು ಬರತೊಡಗಿದವು. ಒಂದರಲ್ಲಿ ಸರ್ಕಾರದವರು, ಇನ್ನೊಂದರಲ್ಲಿ ಕಂಪನಿಯವರು. ಇಬ್ಬರೂ ಕೈಜೋಡಿಸಿ ಈ ಭಾಗವನ್ನು ಮುಂದೆ ತರುತ್ತಾರೆಂದು ಪ್ರತಿ ಸಭೆಯಲ್ಲೂ ಸಾರಬೇಕಾದವನು ನಾನು. ಊರ ಶಾಲೆಯ ಮಾಸ್ತರನಾದದ್ದೇ ತಪ್ಪು. ಯಾರ ಕಾರ್ಯಕ್ರಮವಾದರೂ ಮೈಕು ನನ್ನ ಕೊರಳಿಗೆ ಬೀಳುತ್ತಿತ್ತು.

ಆ ವರ್ಷದ ಯೋಜನೆ ಮಾತ್ರ ನನಗೂ ಸರಿಯೆನಿಸಿತ್ತು. ಊರ ಪಕ್ಕದ ಜಾಗದಲ್ಲಿ ದೊಡ್ಡದೊಂದು ಸಿಮೆಂಟಿನ ಕಣ ಕಟ್ಟಿಸುವುದು ಸರ್ಕಾರದ ಪಾಲು. ಬೀಜ ಕೊಟ್ಟು, ಒಣಗಿದ ಕಾಯಿ ಕೊಳ್ಳುವುದು ಕಂಪನಿಯ ಪಾಲು. ಒಣಗಿಸಲು ಜಾಗವಿಲ್ಲದಿರುವುದೇ ನಮ್ಮ ತಾಪತ್ರಯವಾಗಿತ್ತು. ಎರೆಮಣ್ಣಿನ ಮೇಲೆ ಹಾಕಿದರೆ ಕಾಯಿಗೆ ಮಣ್ಣು ಹತ್ತುತ್ತದೆ. ಹಾಗಾಗಿ ಊರಿಗೂರೇ ಡಾಂಬರು ರಸ್ತೆಯ ಅರ್ಧಕ್ಕೆ ಮೆಣಸಿನಕಾಯಿ ಹರವಿ, ಅಂಚಿಗೆ ಕಲ್ಲಿಟ್ಟು ಕಾಯುತ್ತ ಕೂರುತ್ತಿತ್ತು. ಬಸ್ಸಿನ ಡ್ರೈವರು ಬೈಯುತ್ತ, ಸೀನುತ್ತ ಉಳಿದರ್ಧದಲ್ಲಿ ಹೋಗುತ್ತಿದ್ದ.

ನನ್ನ ಅಕ್ಕನನ್ನು ಊರಲ್ಲೇ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಮೈದುನನ ಮನೆಯ ಪಡಸಾಲೆಯಲ್ಲಿ ಬಾಳುತ್ತಿದ್ದಳು. ಒಲೆ ಹಚ್ಚಬೇಕಾದರೂ ಮೈದುನನ ಹೆಂಡತಿ, ಆ ನೆಗೆಣ್ಣಿಯ ಮುಖ ನೋಡಬೇಕು. ನಮ್ಮ ಮನೆಗೆ ಬಾ ಎಂದರೆ, "ಅದೂ ಇನ್ನೊಬ್ಬರ ಮನೀನ ಅಲ್ಲೇನು ತಮ್ಮಾ?" ಅನ್ನುತ್ತಿದ್ದಳು. ಅವಳ ಪಾಲಿನ ಹೊಲಕ್ಕೆ ಕಾಲುವೆ ನೀರು ಹತ್ತಿತ್ತು. ಕಂಪನಿಯ ಬೀಜ ಹಾಕಿ, ಆ ಒಂದು ಬೆಳೆಯಲ್ಲಿ ತನ್ನದೇ ಎರಡು ಖೋಲಿಯ ಮನೆ ಕಟ್ಟಿಸಬೇಕೆಂದು ಹಟ ಹಿಡಿದಿದ್ದಳು. ಬಾಗಿಲು ಯಾವ ದಿಕ್ಕಿಗೆ ಇರಬೇಕು ಎನ್ನುವುದೂ ತೀರ್ಮಾನವಾಗಿತ್ತು.

ಕಣ ಸುಗ್ಗಿಗೆ ಮೊದಲೇ ಸಿದ್ಧವಾಯಿತು. ಆದರೆ ಉದ್ಘಾಟನೆಯಾಗದೆ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಸರ್ಕಾರದ ದೊಡ್ಡವರಿಗೆ ಪುರಸೊತ್ತಾದಾಗ ಕಂಪನಿಯ ದೊಡ್ಡವರು ಹೈದರಾಬಾದಿನಲ್ಲಿ, ಅವರು ಬಂದಾಗ ಇವರು ಬೆಂಗಳೂರಿನಲ್ಲಿ. ಮೆಣಸಿನಕಾಯಿಗೆ ಇದೆಲ್ಲ ತಿಳಿಯುವುದಿಲ್ಲ, ಅದು ಹಣ್ಣಾಯಿತು. ಅಕ್ಕ ಬಿಡಿಸಿ ತಂದು, ಎಲ್ಲರಂತೆ ರಸ್ತೆಗೆ ಹರವಿದಳು.

ಕೊನೆಗೂ ದಿನ ಗೊತ್ತಾಯಿತು. ಹಿಂದಿನ ದಿನ ಬೆಳಿಗ್ಗೆ ಕಣ ಕಟ್ಟಿಸಿದ ಇಲಾಖೆಯ ಅಧಿಕಾರಿ ಬಂದವರೇ ರಸ್ತೆ ನೋಡಿ ಗಾಬರಿಯಾದರು. ಅವರು ಮೈಸೂರು ಕಡೆಯವರು.

"ಮೇಷ್ಟ್ರೇ, ನಾಳೆ ಇಲ್ಲಿ ಕಾರುಗಳು ಬರುತ್ತವೆ. ಇದನ್ನೆಲ್ಲ ಈಗಲೇ ತೆಗೆಸಿ."

"ತಗದು ಎಲ್ಲಿ ಹಾಕೋಣ್ರಿ? ಕಣದ ಮ್ಯಾಲ ಹಾಕ್ಲಿ ಏನ್ರಿ?"

"ಅಲ್ಲಿ ಶಾಮಿಯಾನ ಹಾಕಿದೀವಲ್ಲ! ಒಂದಿನ ಅಡ್ಜಸ್ಟ್ ಮಾಡ್ಕೊಳ್ಳಿ. ನಿಮ್ಮೂರಿಗೇ ತಾನೆ ಒಳ್ಳೇದಾಗೋದು?"

ಒಣಗಿಸುವ ಕಣ ಉದ್ಘಾಟಿಸಲು ಒಣಗುತ್ತಿದ್ದ ಕಾಯಿಯನ್ನೇ ಎತ್ತಿಸಿದರು! ನನಗೆ ಮೈಯೆಲ್ಲ ಉರಿಯಿತು. ಆದರೂ ಮನೆಮನೆಗೆ ಹೋಗಿ ಹೇಳಿದವನು ನಾನೇ. ಅರ್ಧ ಒಣಗಿದ ಕಾಯಿಯನ್ನು ಅಕ್ಕ ಮನೆಯ ಹಿಂದೆ ಗುಡ್ಡೆ ಹಾಕಿ, ಇಬ್ಬನಿಗೆ ಅಂಜಿ ತಾಡಪತ್ರಿ ಮುಚ್ಚಿದಳು. ಮರುದಿನ ಯಾರೂ ಬರಲಿಲ್ಲ. ಕಾರ್ಯಕ್ರಮ ನಾಳೆಗೆ ಹೋಯಿತು, ನಾಳೆ ಬಂದಾಗ ನಾಡಿದ್ದಿಗೆ. ಪ್ರತಿ ಸಲವೂ "ಯಾವ ಕ್ಷಣದಲ್ಲಾದರೂ ಬರಬಹುದು" ಎಂದು ರಸ್ತೆಯಲ್ಲಿ ಪೊಲೀಸರನ್ನು ನಿಲ್ಲಿಸಿದ್ದರು. ಶಾಮಿಯಾನದ ಕೆಳಗೆ ನಾಯಿಗಳು ನೆರಳಿಗೆ ಮಲಗಿದ್ದವು, ಅವಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

"ತಮ್ಮಾ, ಕೈ ಇಟ್ಟ ನೋಡು, ಒಳಗ ಕುದಿಯಾಕತ್ತೈತಿ" ಎಂದು ಅಕ್ಕ ನನ್ನ ಕೈಯನ್ನು ಗುಡ್ಡೆಯೊಳಗೆ ತೂರಿಸಿದಳು. ಬಿಸಿಯಾಗಿತ್ತು, ಮುಗ್ಗುಲು ವಾಸನೆ ಏಳುತ್ತಿತ್ತು. ಅಂಗಳದ ಮೂಲೆಯಲ್ಲಿ ಸ್ವಲ್ಪ ಹರವಿದರೆ ನೆಗೆಣ್ಣಿ ಘಾಟಿಗೆ ಕೆಮ್ಮಿ ರಂಪ ಮಾಡಿದಳಂತೆ. ಅಧಿಕಾರಿಯ ಬಳಿ ಹೋಗಿ ಬೇಡಿಕೊಂಡೆ. ಶಾಮಿಯಾನ ಕಂಪನಿಯದು, ಅವರನ್ನು ಕೇಳಿ ಅಂದರು. ಕಂಪನಿಯ ಮ್ಯಾನೇಜರನ ಬಳಿ ಹೋದೆ. ಕಣ ಸರ್ಕಾರದ್ದು, ಅವರನ್ನು ಕೇಳಿ ಅಂದ. ಇಂಥವರು ಕೈಜೋಡಿಸಿದರೆ ನಡುವೆ ಸಿಕ್ಕವನು ನುಜ್ಜುಗುಜ್ಜಾಗದೆ ಇನ್ನೇನಾಗುತ್ತಾನೆ?

ಅಂತೂ ಕಾರುಗಳು ಬಂದವು. ಹೊಸ ಕಣದ ಮೇಲೆ ಸುರಿಯಲು ಕಾಯಿ ಬೇಕಲ್ಲ? ಅದಕ್ಕೆ ಶಹಾಪುರದ ಕಿರಾಣಿ ಅಂಗಡಿಯಿಂದ ಎರಡು ಬುಟ್ಟಿ ಒಣ ಮೆಣಸಿನಕಾಯಿ ತಂದಿದ್ದರು. ಸರ್ಕಾರದವರು ಒಂದು ಬುಟ್ಟಿ, ಕಂಪನಿಯವರು ಒಂದು ಬುಟ್ಟಿ ಸುರಿದು ಫೋಟೊ ತೆಗೆಸಿಕೊಂಡರು. ನಾನು ಮೈಕಿನಲ್ಲಿ, ನಮ್ಮ ತಾಯಂದಿರು ಬೀದಿಯಲ್ಲಿ ಕಾಯಿ ಒಣಗಿಸುವ ಕಾಲ ಇಂದಿಗೆ ಮುಗಿಯಿತು ಅಂದೆ. ಚಪ್ಪಾಳೆ ಬಿತ್ತು.

ಕಾರುಗಳು ಹೋದ ಕೂಡಲೇ ಅಕ್ಕ ಬಂಡಿಯಲ್ಲಿ ತನ್ನ ಕಾಯಿ ಹೇರಿಕೊಂಡು ಬಂದಳು. ಹರವಿದರೆ ಕೆಂಪೆಲ್ಲ ಹೋಗಿ ಕಪ್ಪು ಕಲೆ, ಬೂಷ್ಟು. ಅಧಿಕಾರಿಯೊಂದಿಗೆ ಅಲ್ಲೇ ಉಳಿದಿದ್ದ ಮ್ಯಾನೇಜರ ಒಂದು ಕಾಯಿ ಮುರಿದು ಮೂಸಿ ಬಿಸಾಡಿದ.

"ಇದು ನಡಿಯಂಗಿಲ್ಲಮ್ಮ. ನಮಗೆ ಕಲರ್ ಬೇಕು."

ನಾನು ಅಧಿಕಾರಿಯತ್ತ ತಿರುಗಿ ಇದಕ್ಕೆ ನೀವೇ ಹೊಣೆ ಎಂದು ಕೂಗಾಡಿದೆ. ಅವರು ಸಮಾಧಾನವಾಗಿಯೇ, "ಕಣ ಕಟ್ಟಿಸಿಕೊಟ್ಟಿದೀವಲ್ಲ ಮೇಷ್ಟ್ರೇ. ಕೊಳ್ಳೋದು ಬಿಡೋದು ರೈತರಿಗೂ ಕಂಪನಿಗೂ ಬಿಟ್ಟಿದ್ದು" ಅಂದರು. ನನ್ನ ದನಿ ಇನ್ನೂ ಏರುವುದರಲ್ಲಿತ್ತು, ಅಕ್ಕ ತೋಳು ಹಿಡಿದು ಎಳೆದಳು.

"ಸುಮ್ನಿರು. ನೀ ಸರ್ಕಾರಿ ನೌಕರಿ ಮಾಡಾವ."

ಕಾಯಿಯನ್ನೆಲ್ಲ ಮತ್ತೆ ಬಂಡಿಗೆ ತುಂಬಿ ಇಬ್ಬರೂ ಮನೆಗೆ ಬಂದೆವು. ನೆಗೆಣ್ಣಿ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಬಂಡಿಯನ್ನು ಒಮ್ಮೆ ನೋಡಿ, ತಲೆಯೆತ್ತದೆ ಕೇಳಿದಳು:

"ಹಂಗಾದ್ರ ಈ ವರ್ಷಾನೂ ಇಲ್ಲೇ ಇರ್ತಿಯೇನಬೇ?"

"ಹೂಂ" ಎಂದಳು ಅಕ್ಕ. ಅವಳು ಒಳಗೆ ಹೋಗಲು ನೆಗೆಣ್ಣಿ ಮೊಳಕಾಲು ತುಸು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.